ಓದುಗರ ಪ್ರಶ್ನೆ: ಡ್ರೈವರ್ ಹೋದಾಗ ಸಿಸ್‌ಎಫ್‌ಎಸ್ ಫೈಲು ತಾನಾಗಿಯೇ ಹೋಗುವುದಿಲ್ಲವೇ?

‘ಲಿನಕ್ಸ್ ಡ್ರೈವರಿನ ಪ್ರೋಬ್‌ನಲ್ಲಿ (ಡಿವೈಸಿಗೆ ಜೋಡಿಯಾಗುವಾಗ ಓಡುವ ಫಂಕ್ಷನ್) ಡಿವೈಸ್_ಕ್ರಿಯೇಟ್_ಫೈಲ್ ಕರೆದು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಡಿವೈಸುಗಳ ಮಾಹಿತಿಯನ್ನು ಫೈಲುಗಳಾಗಿ ತೋರಿಸುವ ಜಾಗ) ಫೈಲು ಮಾಡಿದ್ದೇನೆ. ರಿಮೂವ್‌ನಲ್ಲಿ (ಡಿವೈಸನ್ನು ಬಿಡುವಾಗ ಓಡುವುದು) ಡಿವೈಸ್_ರಿಮೂವ್_ಫೈಲ್ ಕರೆಯಲೇಬೇಕೇ? ಕರ್ನಲ್ಲೇ ಗುಡಿಸುತ್ತದಲ್ಲ?’

ಕರೆಯಲೇಬೇಕು. ಎರಡನ್ನೂ ಕರೆಯದಂತೆ ಬರೆಯುವ ದಾರಿಯೊಂದಿದೆ, ಅದೇ ಮೇಲು. ಆದರೆ ‘ಕರ್ನಲ್ಲೇ ಗುಡಿಸುತ್ತದೆ’ ಎಂಬ ನಂಬಿಕೆ ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಮೊದಲು ಅದರ ಬೇರು ನೋಡೋಣ.

ಬೇರಿರುವುದು ಯುಎಸ್‌ಬಿಯಲ್ಲಿ. ಕೇಬಲ್ ಕಿತ್ತರೆ ಡಿವೈಸೇ ಹೋಗುತ್ತದೆ; ಡಿವೈಸ್_ಡೆಲ್ ಅದರ ಸಿಸ್‌ಎಫ್‌ಎಸ್ ಡೈರೆಕ್ಟರಿಯನ್ನು ಒಳಗಿನ ಫೈಲುಗಳ ಸಮೇತ ಅಳಿಸುತ್ತದೆ. ಅದನ್ನು ಕಂಡವರು ಎಲ್ಲೆಡೆಯೂ ಹೀಗೇ ಎಂದುಕೊಳ್ಳುತ್ತಾರೆ. ಆದರೆ ಡಿವೈಸ್ ಬೇರೆ, ಡ್ರೈವರ್ ಬೇರೆ. ಬೋರ್ಡಿನ ಐ2ಸಿ ಚಿಪ್ಪನ್ನೋ ಡಿವೈಸ್ ಟ್ರೀಯಿಂದ (ಬೋರ್ಡಿನ ಹಾರ್ಡ್‌ವೇರ್ ವಿವರ) ಹುಟ್ಟಿದ ಪ್ಲಾಟ್‌ಫಾರ್ಮ್ ಡಿವೈಸನ್ನೋ ತೆಗೆದುಕೊಳ್ಳಿ. ಆರ್‌ಎಂಮಾಡ್ ಮಾಡಿದರೆ, ಅಂದರೆ ಡ್ರೈವರಿನ ಮಾಡ್ಯೂಲನ್ನು ಕರ್ನಲ್ಲಿನಿಂದ ಇಳಿಸಿದರೆ, ಹೋಗುವುದು ಡ್ರೈವರ್ ಮಾತ್ರ. ಡಿವೈಸ್ ಅಲ್ಲೇ ಇರುತ್ತದೆ, ಡೈರೆಕ್ಟರಿಯೂ ಇರುತ್ತದೆ, ನೀವು ಮರೆತ ಫೈಲೂ ಇರುತ್ತದೆ. ಫೈಲಿನ ಮನೆ ಡಿವೈಸಿನದು. ಅದನ್ನು ಓದಿದಾಗ, ಬರೆದಾಗ ಓಡುವ ಶೋ, ಸ್ಟೋರ್ ಫಂಕ್ಷನ್‌ಗಳು ನಿಮ್ಮ ಮಾಡ್ಯೂಲಿನವು. ಮಾಡ್ಯೂಲ್ ಇಳಿದ ಮೇಲೆ ಯಾರಾದರೂ ಆ ಫೈಲನ್ನು ಕ್ಯಾಟ್ ಮಾಡಿದರೆ ಕರ್ನಲ್ ಇಲ್ಲದ ವಿಳಾಸಕ್ಕೆ ನೆಗೆದು ಊಪ್ಸ್ (ಕರ್ನಲ್ ದೋಷ) ಆಗುತ್ತದೆ.

ಮಾಡ್ಯೂಲ್ ಇಳಿಸದೆ ಬರೀ ಅನ್‌ಬೈಂಡ್ (ಡಿವೈಸಿನಿಂದ ಡ್ರೈವರನ್ನು ಬಿಡಿಸುವುದು) ಮಾಡಿದರೂ ಬಚಾವಿಲ್ಲ. ಅನ್‌ಬೈಂಡ್ ಆದಾಗ ಕರ್ನಲ್ ಡ್ರೈವರ್ ಡೇಟಾವನ್ನು ನಲ್ ಮಾಡುತ್ತದೆ. ಶೋ ಒಳಗೆ ಡೆವ್_ಗೆಟ್_ಡ್ರ್‌ವಿಡೇಟಾ ಕೊಡುವುದು ನಲ್, ಮುಂದಿನ ಸಾಲಿನಲ್ಲಿ ನಲ್ ಪಾಯಿಂಟರ್ ಊಪ್ಸ್. ಮತ್ತೆ ಬೈಂಡ್ ಮಾಡಿದರೆ ಅದೇ ಹೆಸರಿನ ಫೈಲು ಆಗಲೇ ಇರುವುದರಿಂದ ಡಿಮೆಸೆಗ್‌ನಲ್ಲಿ (ಕರ್ನಲ್ ಲಾಗ್) ಡೂಪ್ಲಿಕೇಟ್ ಫೈಲ್‌ನೇಮ್ ಎಂಬ ಎಚ್ಚರಿಕೆ, ಪ್ರೋಬ್‌ಗೆ -17 (‘ಆಗಲೇ ಇದೆ’ ಎಂಬ ದೋಷ ಸಂಖ್ಯೆ). ಇದನ್ನು ಪರೀಕ್ಷಿಸಲು ಡ್ರೈವರಿನ ಸಿಸ್‌ಎಫ್‌ಎಸ್ ಡೈರೆಕ್ಟರಿಯಲ್ಲಿರುವ ಅನ್‌ಬೈಂಡ್ ಫೈಲಿಗೆ ಡಿವೈಸಿನ ಹೆಸರು ಬರೆದು, ನಂತರ ಬೈಂಡ್‌ಗೆ ಬರೆಯಿರಿ. ಡ್ರೈವರ್ ಮುಗಿಯಿತು ಎನ್ನುವ ಮೊದಲು ಇಷ್ಟನ್ನಾದರೂ ಮಾಡಲೇಬೇಕು.

‘ಡೆವ್‌ಎಂ_ಕೆಝಡ್ಅಲಾಕ್ ಬಳಸಿದ್ದೇನಲ್ಲ’ ಎನ್ನುವವರಿಗೆ: ಡ್ರೈವರ್ ಬಿಟ್ಟಾಗ ತಾನಾಗಿ ಗುಡಿಸುವ ಡೆವ್‌ಎಂ ಲೆಕ್ಕ ಇಡುವುದು ಡೆವ್‌ಎಂ ಮೂಲಕ ಪಡೆದದ್ದಕ್ಕೆ ಮಾತ್ರ. ಮೆಮೊರಿ ಹೋಗುತ್ತದೆ, ಫೈಲು ಉಳಿಯುತ್ತದೆ.

ಸರಿಯಾದ ದಾರಿ ಚಿಕ್ಕದು. ಆಟ್ರಿಬ್ಯೂಟ್‌ಗಳನ್ನು (ಒಂದೊಂದೂ ಒಂದು ಫೈಲು) ಡಿವೈಸ್_ಎಟಿಟಿಆರ್_ಆರ್‌ಡಬ್ಲ್ಯೂ ಅಥವಾ ಆರ್‌ಓ ಮ್ಯಾಕ್ರೋದಿಂದ ಘೋಷಿಸಿ, ನಲ್‌ನಿಂದ ಮುಗಿಯುವ ಪಟ್ಟಿಗೆ ಸೇರಿಸಿ, ಆಟ್ರಿಬ್ಯೂಟ್_ಗ್ರೂಪ್ಸ್ ಮ್ಯಾಕ್ರೋ ಕೊಡುವ ಗುಂಪನ್ನು ಡ್ರೈವರ್ ಸ್ಟ್ರಕ್ಟಿನ ಡೆವ್_ಗ್ರೂಪ್ಸ್‌ಗೆ ಕೊಡಿ. ಕರ್ನಲ್ 5.4ರಿಂದ ಈ ಸೌಲಭ್ಯವಿದೆ. ಪ್ರೋಬ್ ಗೆದ್ದ ಮೇಲಷ್ಟೇ ಫೈಲುಗಳು ಹುಟ್ಟುತ್ತವೆ, ನಿಮ್ಮ ರಿಮೂವ್ ಶುರುವಾಗುವ ಮೊದಲೇ ಹೋಗಿರುತ್ತವೆ. ಮೂರನೇ ಫೈಲು ಕೈಕೊಟ್ಟಾಗ ಮೊದಲೆರಡನ್ನು ಅಳಿಸುವ ಗೋಟು ಸರಪಳಿಯೂ ಬೇಡ. ಬೈಂಡ್ ಯುಇವೆಂಟ್ (ಡ್ರೈವರ್ ಜೋಡಿಯಾಯಿತೆಂಬ ಕರ್ನಲ್ ಸಂದೇಶ) ಹೊರಡುವ ಹೊತ್ತಿಗೆ ಫೈಲುಗಳು ಸಿದ್ಧ ಇರುವುದರಿಂದ ಆ ಸಂದೇಶ ಕೇಳುವ ಯುಡೆವ್ ನಿಯಮಗಳಿಗೂ ಅವು ಸಿಗುತ್ತವೆ.

ಇನ್ನೊಂದು ಮಾತು ಯಾರೂ ಕೇಳಿಲ್ಲ, ಕೈಯಾರೆ ಅಳಿಸುವವರು ಕೇಳಬೇಕಿತ್ತು: ಅಳಿಸುವಾಗ ಯಾರೋ ಓದುತ್ತಿದ್ದರೆ? ನಡೆಯುತ್ತಿರುವ ಶೋ ಅಥವಾ ಸ್ಟೋರ್ ಮುಗಿಯುವವರೆಗೆ ಅಳಿಸುವ ಕರೆ ಕಾಯುತ್ತದೆ. ಆದ್ದರಿಂದಲೇ ಮ್ಯೂಟೆಕ್ಸ್ (ಬೀಗ) ಹಿಡಿದುಕೊಂಡು ಫೈಲು ಅಳಿಸಬಾರದು. ಶೋ ಕೂಡ ಅದೇ ಮ್ಯೂಟೆಕ್ಸ್‌ಗೆ ಕಾಯುತ್ತಿದ್ದರೆ ಒಬ್ಬರಿಗೊಬ್ಬರು ಕಾದು ಇಬ್ಬರೂ ಡಿ ಸ್ಥಿತಿಯಲ್ಲಿ (ಎಬ್ಬಿಸಲಾಗದ ನಿದ್ದೆ) ನಿಂತುಬಿಡುತ್ತಾರೆ; ರೀಬೂಟ್ ಬಿಟ್ಟರೆ ಗತಿಯಿಲ್ಲ. ಮೊದಲು ಫೈಲು ಅಳಿಸಿ, ಆಮೇಲೆ ಬೀಗ ಹಾಕಿ. ಲಾಕ್‌ಡೆಪ್ (ಕರ್ನಲ್ಲಿನ ಬೀಗ ಪರೀಕ್ಷಕ) ಚಾಲೂ ಇದ್ದರೆ ಈ ತಪ್ಪನ್ನು ಕೆಎನ್ ಆಕ್ಟಿವ್ ಎಂಬ ಹೆಸರಿನಲ್ಲಿ ತೋರಿಸುತ್ತದೆ. ಸ್ಟೋರ್ ಒಳಗಿನಿಂದಲೇ ತನ್ನ ಫೈಲನ್ನು ಅಳಿಸಬೇಕಾದರೆ ಮಾಮೂಲಿ ಕರೆ ತನಗೆ ತಾನೇ ಕಾಯುತ್ತದೆ. ಅಲ್ಲಿಗೆ ಡಿವೈಸ್_ರಿಮೂವ್_ಫೈಲ್_ಸೆಲ್ಫ್ ಇದೆ.