ಬೆಂಟಿರೊಮೈಡ್ ಪರೀಕ್ಷೆ: ಮೂತ್ರದಲ್ಲಿ ಅಳೆದದ್ದು ಮೇದೋಜೀರಕದ ಬಗ್ಗೆ ಏನು ಹೇಳುತ್ತದೆ?

ಮೇದೋಜೀರಕ ಗ್ರಂಥಿಯು ಜೀರ್ಣಕಿಣ್ವಗಳನ್ನು ಎಷ್ಟರಮಟ್ಟಿಗೆ ಸ್ರವಿಸುತ್ತಿದೆ ಎಂಬುದನ್ನು ನೇರವಾಗಿ ತಿಳಿಯಬೇಕಾದರೆ ಸಣ್ಣಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್‌ವರೆಗೆ ನಳಿಕೆಯನ್ನು ಇಳಿಸಿ, ಗ್ರಂಥಿಯನ್ನು ಪ್ರಚೋದಿಸುವ ಸೆಕ್ರೆಟಿನ್ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು, ಹೊರಬರುವ ರಸವನ್ನು ಸಂಗ್ರಹಿಸಬೇಕಾಗುತ್ತದೆ. ಆ ತೊಂದರೆಯಿಲ್ಲದೆ, ಬಾಯಿಯ ಮೂಲಕ ಕೊಟ್ಟು ಪರೋಕ್ಷವಾಗಿ ಅಂದಾಜು ಮಾಡಲು ಬಳಕೆಗೆ ಬಂದ ದ್ರವ್ಯವೇ ಬೆಂಟಿರೊಮೈಡ್. ಅಮೆರಿಕದಲ್ಲಿ ಕೈಮೆಕ್ಸ್ ಎಂಬ ಹೆಸರಿನಿಂದ ದೊರೆಯುತ್ತಿದ್ದ ಇದನ್ನು 1996ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಹಾಸನದ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡುವ ನಮಗೆ ಇದನ್ನು ಕೈಯಾರೆ ಮಾಡುವ ಸಂದರ್ಭ ಬರಲಾರದು. ಆದರೂ ಕಿಣ್ವಕ್ರಿಯೆ, ಹೀರಿಕೆ ಮತ್ತು ವಿಸರ್ಜನೆಗಳನ್ನು ಒಟ್ಟಿಗೆ ಓದಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆಂಟಿರೊಮೈಡ್ ಒಂದು ಕೃತಕ ಪೆಪ್ಟೈಡ್. ಬೆಂಜಾಯಿಲ್ ಟೈರೋಸಿನ್‌ಗೆ ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲ, ಅಂದರೆ ಪಾಬಾ, ಜೋಡಿಸಲ್ಪಟ್ಟಿರುತ್ತದೆ. ಮೇದೋಜೀರಕದಿಂದ ಬರುವ, ಪ್ರೋಟೀನನ್ನು ಒಡೆಯುವ ಕೈಮೋಟ್ರಿಪ್ಸಿನ್ ಎಂಬ ಕಿಣ್ವವು ಸಣ್ಣಕರುಳಿನಲ್ಲಿ ಈ ಬಂಧವನ್ನು ಕತ್ತರಿಸುತ್ತದೆ. ಬಿಡುಗಡೆಯಾದ ಪಾಬಾ ಕರುಳಿನಿಂದ ಹೀರಲ್ಪಟ್ಟು, ಯಕೃತ್ತಿನಲ್ಲಿ ಬೇರೆ ಅಣುಗಳೊಂದಿಗೆ ಸಂಯೋಗಗೊಂಡು, ಮೂತ್ರಪಿಂಡಗಳ ಮೂಲಕ ಹೊರಬೀಳುತ್ತದೆ.

ವಯಸ್ಕರಿಗೆ ರಾತ್ರಿಯ ಉಪವಾಸದ ನಂತರ 500 ಮಿ.ಗ್ರಾಂ ಕೊಟ್ಟು, ಮುಂದಿನ 6 ಗಂಟೆಗಳ ಮೂತ್ರವನ್ನು ಪೂರ್ತಿಯಾಗಿ ಸಂಗ್ರಹಿಸುವುದು ಕ್ರಮ. ಅಣುತೂಕಗಳನ್ನು ಹೋಲಿಸಿದರೆ 500 ಮಿ.ಗ್ರಾಂನಲ್ಲಿ ಸುಮಾರು 170 ಮಿ.ಗ್ರಾಂ ಪಾಬಾ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಕಡಿಮೆ, ಅಂದರೆ 85 ಮಿ.ಗ್ರಾಂಗಿಂತ ಕಡಿಮೆ, ಮೂತ್ರದಲ್ಲಿ ದೊರೆತರೆ ಕೈಮೋಟ್ರಿಪ್ಸಿನ್ ಕೊರತೆಯ ಅನುಮಾನ ಮೂಡುತ್ತದೆ. ಸಕಲೇಶಪುರದಿಂದಲೋ ಅರಕಲಗೂಡಿನಿಂದಲೋ ಬೆಳಗಿನ ಬಸ್ಸಿಗೆ, ಕಾಫಿಯನ್ನೂ ಕುಡಿಯದೆ ಬಂದ ರೋಗಿಯಿಂದ ಇಷ್ಟು ಹೊತ್ತಿನ ಮೂತ್ರವನ್ನು ಒಂದಿಷ್ಟೂ ಚೆಲ್ಲದಂತೆ ಪಡೆಯುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ. ಸಂಗ್ರಹ ಅರೆಬರೆಯಾದರೆ ಆರೋಗ್ಯವಂತನ ಮೇದೋಜೀರಕವೂ ಕಾಗದದ ಮೇಲೆ ರೋಗಗ್ರಸ್ತವಾಗಿ ಕಾಣುತ್ತದೆ.

ಪ್ರಶ್ನೆಪತ್ರಿಕೆಯಲ್ಲಿ ಕೇಳಬಹುದಾದ ಮುಖ್ಯ ಅಂಶವೂ ಇಲ್ಲಿಯೇ ಇದೆ. ಕಡಿಮೆ ಅಂಕಿ ಬಂದ ಮಾತ್ರಕ್ಕೆ ಮೇದೋಜೀರಕವನ್ನೇ ದೂರುವಂತಿಲ್ಲ, ಏಕೆಂದರೆ ಕರುಳಿನ ಹೀರಿಕೆಯ ದೋಷ, ಯಕೃತ್ತಿನ ಕಾಯಿಲೆ, ಮೂತ್ರಪಿಂಡದ ವೈಫಲ್ಯ ಇವುಗಳಲ್ಲಿ ಯಾವುದಿದ್ದರೂ ಅದೇ ಫಲಿತಾಂಶ ಬರಬಹುದು. ಇದನ್ನು ಬೇರ್ಪಡಿಸಲು ಇನ್ನೊಂದು ದಿನ ಬಂಧವಿಲ್ಲದ ಪಾಬಾವನ್ನೇ ಕುಡಿಸಿ ಹೋಲಿಸುತ್ತಿದ್ದರು: ಅದೂ ಕಡಿಮೆಯಾಗಿ ಹೊರಬಂದರೆ ತೊಡಕು ಕಿಣ್ವದ ಆಚೆಗೂ ಇದೆ ಎಂದರ್ಥ. ತದ್ವಿರುದ್ಧವಾಗಿ ಪ್ಯಾರಾಸಿಟಮಾಲ್, ಸಲ್ಫಾ ಔಷಧಗಳು, ಪ್ರೊಕೇನಮೈಡ್ ಮೊದಲಾದವು ಆರಿಲಮೈನ್‌ಗಳಾಗಿ, ಅಂದರೆ ಪಾಬಾದ ಗುಂಪಿಗೇ ಸೇರಿದ ರಾಸಾಯನಿಕಗಳಾಗಿ, ಅಳತೆಯಲ್ಲಿ ಸೇರಿಕೊಂಡು ಅಂಕಿಯನ್ನು ಸುಳ್ಳಾಗಿ ಏರಿಸುತ್ತವೆ. ರೋಗಿ ಮೇದೋಜೀರಕ ಕಿಣ್ವದ ಮಾತ್ರೆಗಳನ್ನು ನಿಲ್ಲಿಸದಿದ್ದರೆ ಹೊರಗಿನ ಕೈಮೋಟ್ರಿಪ್ಸಿನ್ನೇ ಬಂಧವನ್ನು ಕತ್ತರಿಸಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಆರಂಭದ ಹಂತದ ರೋಗ ತಪ್ಪಿಸಿಕೊಳ್ಳುತ್ತದೆ. ಕೊಬ್ಬನ್ನು ಜೀರ್ಣಿಸುವ ಕಿಣ್ವವಾದ ಲೈಪೇಸ್‌ನ ಸ್ರಾವ ಸಹಜದ ಶೇ. 10ಕ್ಕಿಂತ ಕೆಳಗಿಳಿಯುವವರೆಗೆ ಮಲದಲ್ಲಿ ಕೊಬ್ಬು ಹೆಚ್ಚಾಗಿ ಕಾಣಿಸುವುದಿಲ್ಲ ಎಂಬುದನ್ನು ನೆನೆದರೆ, ಗ್ರಂಥಿಯ ಮೀಸಲು ಶಕ್ತಿ ಎಷ್ಟೆಂದು ಅರ್ಥವಾಗುತ್ತದೆ. ಈಗ ಹೆಚ್ಚಾಗಿ ಬಳಸುವುದು ಮೇದೋಜೀರಕದ ಇನ್ನೊಂದು ಕಿಣ್ವವಾದ ಎಲಾಸ್ಟೇಸನ್ನು ಮಲದಲ್ಲಿ ಅಳೆಯುವ ಪರೀಕ್ಷೆ; ಅದರಲ್ಲಿ ಪ್ರತಿ ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯನ್ನು ಶಂಕಿಸುತ್ತಾರೆ. ಮಾನವ ಎಲಾಸ್ಟೇಸನ್ನು ಮಾತ್ರ ಗುರುತಿಸುವ ಪ್ರತಿಕಾಯ ಬಳಸುವ ವಿಧಾನದಲ್ಲಿ ಹಂದಿಯ ಮೇದೋಜೀರಕದಿಂದ ತಯಾರಿಸಿದ ಕಿಣ್ವದ ಮಾತ್ರೆಗಳನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಮಲ ನೀರಾಗಿದ್ದರೆ ಅಲ್ಲಿಯೂ ಅಂಕಿ ಸುಳ್ಳಾಗಿ ಇಳಿಯುವುದರಿಂದ ಮಾದರಿಯ ಸ್ವರೂಪವನ್ನು ವರದಿಯೊಂದಿಗೆ ಕೇಳಿ ತಿಳಿಯಬೇಕು.