ಬೇಸ್ ಕೇಳಿಸ್ತಿಲ್ವಾ? ಹಾಗಾದರೆ ಬೇಸ್ ನಾಬ್ ಮುಟ್ಟಬೇಡಿ

ಬೇಸ್ ಗಿಟಾರ್ ನುಡಿಸುವವರು ನನ್ನ ಹತ್ತಿರ ತರುವ ದೂರು ಹೆಚ್ಚುಕಮ್ಮಿ ಒಂದೇ. "ಬ್ಯಾಂಡ್ ಶುರುವಾದ ಮೇಲೆ ನಾನು ನುಡಿಸೋದು ನನಗೇ ಕೇಳಿಸಲ್ಲ." ಕೆಲವರು ಇದನ್ನು ಬೇಸರದಿಂದ ಹೇಳುತ್ತಾರೆ, ಕೆಲವರು ಡ್ರಮ್ಮರ್ ಮೇಲಿನ ಸಿಟ್ಟಿನಿಂದ. ದೂರಿನ ಬೆನ್ನಿಗೇ ಪ್ರಶ್ನೆಗಳು. ಇನ್ನೂ ದೊಡ್ಡ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ತಗೊಳ್ಳಲಾ? ಐದು ತಂತಿಯ ಗಿಟಾರ್ ತಗೊಳ್ಳಲಾ? ತಂತಿಯ ಕಂಪನ ಹಿಡಿಯುವ ಪಿಕಪ್ ಬದಲಿಸಿ ಕೊಡ್ತೀರಾ?

ನಾನು ಹಗಲಲ್ಲಿ ಗಿಟಾರ್ ಸೆಟಪ್ ಮಾಡುವವನು, ಸಂಜೆ ಸೌಂಡ್ ಮಿಕ್ಸರ್ ಹಿಂದೆ ನಿಲ್ಲುವವನು. ಪಿಕಪ್ ಬದಲಿಸಿದರೆ ನನಗೇ ಸಂಪಾದನೆ. ಆದರೂ ಮೊದಲು ನಿಮ್ಮ ಆಂಪ್‌ನ ನಾಬ್‌ಗಳ ಫೋಟೊ ತೋರಿಸಿ ಅನ್ನುತ್ತೇನೆ. ಯಾರ ಫೋಟೊ ನೋಡಿದರೂ ಅದೇ ಕಥೆ. ಕೆಳಗಿನ ಸ್ವರಗಳ ಬೇಸ್ ನಾಬ್ ಬಲಕ್ಕೆ ಪೂರ್ತಿ ತಿರುಗಿದೆ. ಮೇಲಿನ ಸ್ವರಗಳ ಟ್ರೆಬಲ್ ಕೂಡ ಅದರ ಜೊತೆಗೇ ಹೋಗಿದೆ. ನಡುವಿನ ಸ್ವರಗಳ ಮಿಡ್ ನಾಬ್ ಎಡಕ್ಕೆ ಬಿದ್ದುಕೊಂಡಿದೆ. ಅಂದರೆ ಯಾವುದರಿಂದ ಬೇಸ್ ಗಿಟಾರ್ ಕೇಳಿಸಬೇಕೋ ಅದನ್ನೇ ತೆಗೆದುಹಾಕಿ, ಕೇಳಿಸ್ತಿಲ್ಲ ಅಂತ ಬಂದಿದ್ದಾರೆ.

ಹೀಗೆ ಯಾಕೆ ಇಡುತ್ತಾರೆ ಅನ್ನೋದು ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಒಬ್ಬರೇ ಕೂತು ನುಡಿಸುವಾಗ ಈ ಸೆಟಿಂಗ್ ಬಹಳ ಚೆನ್ನಾಗಿರುತ್ತದೆ. ಕೆಳಗೆ ತುಂಬಿದ ಗುಡುಗು, ಮೇಲೆ ಗಾಜಿನಂಥ ಮಿಂಚು. ಇದಕ್ಕೆ ನಮ್ಮ ಕಿವಿಯೇ ಕಾರಣ. ಸದ್ದು ಸಣ್ಣದಿದ್ದಾಗ ಕಿವಿಗೆ ಕೆಳಗಿನ ಸ್ವರಗಳು ತುಂಬ ಮಂದವಾಗಿ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸದ್ದು ಏರಿದ ಹಾಗೆ ಆ ಕೊರತೆ ತಾನಾಗಿಯೇ ಕಮ್ಮಿಯಾಗುತ್ತದೆ. ಅಂದರೆ ಮಲಗುವ ಕೋಣೆಯಲ್ಲಿ ಮೆಲ್ಲಗೆ ನುಡಿಸುತ್ತಾ ಹದವಾಗಿ ಕೂರಿಸಿಕೊಂಡ ಬೇಸ್, ಸ್ಟೇಜಿನ ವಾಲ್ಯೂಮಿಗೆ ಬಂದಾಗ ವಿಪರೀತ ಜಾಸ್ತಿ ಆಗಿರುತ್ತದೆ. ನಾಬ್ ಅಲ್ಲೇ ಇದೆ, ಕಿವಿ ಬೇರೆ ಥರ ಕೇಳುತ್ತಿದೆ.

ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ನಿಮ್ಮ ಜೊತೆ ಬೇರೆ ಯಾರೂ ನುಡಿಸುತ್ತಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ಕೆಳಗಿನ ಇ ತಂತಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 41 ಸಲ, ಅಂದರೆ 41 ಹರ್ಟ್ಜ್. ಐದನೇ ತಂತಿಯ ಬಿ ಇನ್ನೂ ಕೆಳಗೆ, ಸುಮಾರು 31 ಹರ್ಟ್ಜ್. ಆದರೆ ತಂತಿ ಮೀಟಿದಾಗ ಬರುವುದು ಆ 41 ಒಂದೇ ಅಲ್ಲ. 82, 124, 165 ಅಂತ ಅದರ ಮೇಲೆ ಸಾಲಾಗಿ ಹಾರ್ಮೋನಿಕ್‌ಗಳು, ಅಂದರೆ ಮೂಲದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು, ಬರುತ್ತವೆ. ಇದು ಯಾವ ಸ್ವರ, ಯಾವಾಗ ಶುರುವಾಯ್ತು, ಯಾವಾಗ ನಿಂತಿತು ಅಂತ ಕಿವಿ ಪತ್ತೆ ಹಚ್ಚುವುದು ಬಹುಪಾಲು ಈ ಮೇಲಿನ ಸಾಲಿನಿಂದಲೇ. ನಂಬಿಕೆ ಬರದಿದ್ದರೆ ಫೋನ್ ತೆಗೆದುಕೊಂಡು, ಇಯರ್‌ಫೋನ್ ಇಲ್ಲದೆ, ಬೇಸ್ ಚೆನ್ನಾಗಿರುವ ಯಾವುದಾದರೂ ಹಾಡು ಹಾಕಿ. ಆ ಪುಟ್ಟ ಸ್ಪೀಕರಿಗೆ 41 ಹರ್ಟ್ಜ್ ಹೊರಡಿಸುವ ಶಕ್ತಿಯೇ ಇಲ್ಲ. ಆದರೂ ಬೇಸ್ ಏನು ನುಡಿಸುತ್ತಿದೆ ಅಂತ ನೀವು ಗುನುಗಬಲ್ಲಿರಿ, ಅಲ್ವಾ? ಮೇಲಿನ ಹಾರ್ಮೋನಿಕ್‌ಗಳನ್ನು ಹಿಡಿದು, ಕಾಣೆಯಾದ ಕೆಳಗಿನ ಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ.

ಈಗ ಬ್ಯಾಂಡ್ ಸೇರಿಸಿ ನೋಡಿ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ಗುದ್ದು ಸಾಮಾನ್ಯವಾಗಿ 50ರಿಂದ 80 ಹರ್ಟ್ಜ್ ಆಸುಪಾಸಿನಲ್ಲಿ ಕೂತಿರುತ್ತದೆ. ಅಂದರೆ ನೀವು ಬೇಸ್ ನಾಬ್ ತಿರುಗಿಸಿ ಉಬ್ಬಿಸಿದ ಜಾಗದಲ್ಲೇ. ಮಾಮೂಲಿ ಗಿಟಾರ್‌ನ ಕೆಳ ತಂತಿ 82ರಿಂದ ಶುರು. ಮೇಲೆ ಟ್ರೆಬಲ್‌ನಲ್ಲಿ ಸಿಂಬಲ್‌ಗಳು ಯಾರಿಗೂ ಜಾಗ ಬಿಡುವುದಿಲ್ಲ. ನಿಮಗೆ ಉಳಿದಿರುವುದು ನಡುವಿನ ಒಂದು ಪಟ್ಟಿ, ಅಂದಾಜು 250ರಿಂದ 800 ಹರ್ಟ್ಜ್. ಅದನ್ನೇ ನೀವು ಎಡಕ್ಕೆ ತಿರುಗಿಸಿ ಬಂದಿದ್ದೀರಿ. ಗಿಟಾರ್, ಹಾಡುಗಾರರ ದನಿ ಎಲ್ಲ ಬಂದು ಆ ಜಾಗ ತುಂಬಿಕೊಂಡವು. ಅಲ್ಲಿಗೆ ನಿಮ್ಮ ಬೇಸ್ ಸ್ವರವಾಗಿ ಉಳಿಯಲ್ಲ. ಸುಮ್ನೆ ಕೋಣೆ ನಡುಗುತ್ತದೆ. ಕೇಳುವವರಿಗೆ ಏನೋ ಗುಂಯ್ ಅನ್ನುತ್ತಿದೆ ಅಂತ ಗೊತ್ತಾಗುತ್ತದೆ, ಏನು ನುಡಿಸಿದಿರಿ ಅಂತ ಗೊತ್ತಾಗಲ್ಲ.

ಇನ್ನು ಆ ದೊಡ್ಡ ಆಂಪಿನ ಆಸೆ. 100 ವ್ಯಾಟ್‌ನಿಂದ 200 ವ್ಯಾಟ್‌ಗೆ ಹೋದರೆ ಸಿಗುವುದು 3 ಡೆಸಿಬೆಲ್. ಕಿವಿಗೆ ಅದು 'ಹಾಂ, ಸ್ವಲ್ಪ ಜಾಸ್ತಿ ಆಯ್ತು' ಅನ್ನುವಷ್ಟು ಮಾತ್ರ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಇದೇ ಲೆಕ್ಕವನ್ನು ಬೇಸ್ ನಾಬಿಗೂ ಹಾಕಿ. 40 ಹರ್ಟ್ಜ್ ಹತ್ತಿರ 10 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ಆಂಪ್ ಹತ್ತು ಪಟ್ಟು ಶಕ್ತಿ ಸುರಿಯಬೇಕು. ನಿಮ್ಮ ವ್ಯಾಟ್‌ಗಳೆಲ್ಲ ಯಾರಿಗೂ ಸರಿಯಾಗಿ ಕೇಳಿಸದ ಕಡೆ ಖರ್ಚಾಗುತ್ತಿವೆ. ಆಂಪ್ ಸುಸ್ತಾಗಿ ಒಡಕು ಸದ್ದು ಬಂದ ಕೂಡಲೇ 'ಪವರ್ ಸಾಲಲ್ಲ' ಅನ್ನುತ್ತೀರಿ.

ಒಬ್ಬ ಹುಡುಗನ ನೆನಪಾಗುತ್ತದೆ. ಕೈ ಬಹಳ ಒಳ್ಳೆಯದು, ಲಯ ಗಟ್ಟಿ. ಆದರೆ ಬಂದಾಗಲೆಲ್ಲ ಬೇರೆ ಆಂಪ್, ಹಿಂದಿನದಕ್ಕಿಂತ ಭಾರದ್ದು. ಒಂದು ರಿಹರ್ಸಲ್‌ನಲ್ಲಿ ಅವನ ಬ್ಯಾಂಡ್ ನುಡಿಸುತ್ತಿರುವಾಗಲೇ ನಾನು ಹೋಗಿ ಬೇಸ್ ನಾಬ್ ನಡುವಿಗೆ ತಂದೆ, ಮಿಡ್ ಸ್ವಲ್ಪ ಏರಿಸಿದೆ, ವಾಲ್ಯೂಮ್ ಇಳಿಸಿದೆ. ಡ್ರಮ್ಮರ್ ತಲೆ ಎತ್ತಿ ಅವನ ಕಡೆ ನೋಡಿದ. ಕೀಬೋರ್ಡ್ ಹುಡುಗಿ ಹೆಬ್ಬೆರಳು ತೋರಿಸಿದಳು. ಹಾಡು ಮುಗಿಯಿತು, ಉಳಿದವರು ನೀರು ಕುಡಿಯಲು ಹೋದರು. ಇವನು ಒಬ್ಬನೇ ಎರಡು ಸ್ವರ ಮೀಟಿ ಮುಖ ಸಿಂಡರಿಸಿದ. "ಸರ್, ಇದು ನೆಗಡಿ ಆದವರು ಹಾಡಿದ ಹಾಗಿದೆ." ಕೈ ಆಗಲೇ ಮಿಡ್ ನಾಬಿನ ಮೇಲಿತ್ತು. ಮುಟ್ಟಬೇಡ ಮಾರಾಯಾ ಅಂದೆ. ಮುಟ್ಟಿದ. ಮುಂದಿನ ಹಾಡಿನಲ್ಲಿ ಮತ್ತೆ ಕಾಣೆಯಾದ.

ಹೌದು, ಒಂಟಿಯಾಗಿ ಕೇಳಿದರೆ ನೆಗಡಿ ಆದ ಹಾಗೇ ಇರುತ್ತದೆ. ಇರಲಿ. ನಿಮ್ಮ ಟೋನ್ ಒಂಟಿಯಾಗಿ ಕೇಳಲು ಯಾರೂ ಬಂದಿಲ್ಲ. ಹಾಗಾಗಿ ನಾನು ಹೇಳಿಕೊಡುವುದು ಇಷ್ಟೇ. ಮೊದಲು ಎಲ್ಲ ನಾಬ್‌ಗಳನ್ನೂ ನಡುವಿಗೆ ತನ್ನಿ. ಎಲ್ಲರೂ ನುಡಿಸುತ್ತಿರುವಾಗ ಮಾತ್ರ ಅವನ್ನು ತಿರುಗಿಸಿ. ಉಳಿದವರು ಸುಮ್ಮನಾದ ಕೂಡಲೇ ಕೈ ತೆಗೆಯಿರಿ. ಉದ್ದದ ಕೇಬಲ್ ಇದ್ದರೆ ಆಂಪ್‌ನಿಂದ ದೂರ ಹೋಗಿ ಕೇಳಿ. ಇಲ್ಲದಿದ್ದರೆ ಫೋನನ್ನು ಕೋಣೆಯ ಆ ಕಡೆ ಇಟ್ಟು ರೆಕಾರ್ಡ್ ಮಾಡಿ.

ಹೆಸರು ಮಾಡಿದ ಬೇಸ್ ದನಿಗಳನ್ನು ಕೇಳಿದರೂ ಇದೇ ಕಾಣಿಸುತ್ತದೆ. ಗಿಟಾರ್ ಕಂಪನಿ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್ ಇವತ್ತಿಗೂ ಸ್ಟುಡಿಯೊಗಳಲ್ಲಿ ಓಡುತ್ತಿರುವುದು ಅದರ ನಡುವಿನ ಗಟ್ಟಿ ದನಿಗೆ. 1957ರಲ್ಲಿ ಬಂದ ಅದರ ಎರಡು ತುಂಡಿನ ಪಿಕಪ್ ಮಿಕ್ಸರ್‌ನಲ್ಲಿ ನನಗೆ ಏನೂ ಕೆಲಸ ಉಳಿಸುವುದಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅಂಥದ್ದೇ ಬೇಸ್‌ಗೆ ಹಳೇ ಫ್ಲಾಟ್‌ವೌಂಡ್ (ಹೊರಮೈ ನುಣುಪಾದ) ತಂತಿ ಹಾಕಿ ಬಲಗೈಯ ಒಂದೇ ಬೆರಳಲ್ಲಿ ಮೀಟುತ್ತಿದ್ದರು. ಅಂದಿನ ಸಣ್ಣ ರೇಡಿಯೊಗಳಲ್ಲೂ ಅವರ ಪ್ರತಿ ಸ್ವರ ಕೇಳಿಸುತ್ತಿತ್ತು. ಇನ್ನೊಬ್ಬ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಫೆಂಡರ್‌ನದ್ದೇ ಎರಡು ಪಿಕಪ್‌ಗಳ ಜಾಜ್ ಬೇಸ್‌ನ ಹಿಂಬದಿ ಪಿಕಪ್ಪನ್ನೇ ನೆಚ್ಚಿಕೊಂಡು, ತಂತಿಗಳ ತುದಿ ಹಿಡಿದಿಡುವ ಬ್ರಿಡ್ಜ್ ಹತ್ತಿರ ಮೀಟುತ್ತಿದ್ದರು. ಆ ಹಾಡುವಂಥ ದನಿ ಪೂರಾ ಮಿಡ್. ಸ್ಟೇಜಿನ ದೈತ್ಯ ಅನ್ನಿಸಿಕೊಂಡ ಆಂಪೆಗ್ ಎಸ್‌ವಿಟಿ ಆಂಪ್ 1969ರಲ್ಲಿ ಬಂತು, 300 ವ್ಯಾಟ್. ಅದರ ಜೊತೆಗೆ ಹತ್ತಿಂಚಿನ ಎಂಟು ಸ್ಪೀಕರ್‌ಗಳ ಬೀರುವಿನಂಥ ಕ್ಯಾಬಿನೆಟ್. ಆ ಕ್ಯಾಬಿನೆಟ್ ಕೂಡ 41 ಹರ್ಟ್ಜನ್ನು ಪೂರ್ತಿ ಬಲದಲ್ಲಿ ಕೊಡುವುದಿಲ್ಲ. ಎದೆಗೆ ಗುದ್ದುವುದು ಅದಕ್ಕಿಂತ ಮೇಲಿನ ಸ್ವರಗಳೇ.

ಇಲ್ಲಿ ಸ್ವಲ್ಪ ಎಚ್ಚರಿಕೆಯ ಮಾತೂ ಹೇಳಬೇಕು. ಇಲ್ಲದಿದ್ದರೆ ನಾಳೆ ಎಲ್ಲರೂ ಮಿಡ್ ಪೂರ್ತಿ ಏರಿಸಿಕೊಂಡು ಬರುತ್ತೀರಿ. ನಾನು ಹೇಳುತ್ತಿರುವುದು 3 ಡೆಸಿಬೆಲ್ ಆಸುಪಾಸಿನ ಮಾತು. ಮಿಡ್ ಅನ್ನೋದು ದೊಡ್ಡ ಜಾಗ. ಕೆಲವು ಕೋಣೆಗಳಲ್ಲಿ 200 ಹರ್ಟ್ಜ್ ಹತ್ತಿರ ಎಲ್ಲವೂ ಮೊರೆಯುತ್ತದೆ, ಅಲ್ಲಿ ಅಷ್ಟನ್ನು ಇಳಿಸಲೇಬೇಕು. ಗಿಟಾರ್ ಒಂದೇ ಇರುವ ಮೂವರ ಬ್ಯಾಂಡಿನಲ್ಲಿ, ಹೆಬ್ಬೆರಳಿನಿಂದ ತಂತಿಗೆ ಬಡಿಯುವ ಸ್ಲ್ಯಾಪ್ ನುಡಿಸುವಾಗ, ನಡುವೆ ಸ್ವಲ್ಪ ಟೊಳ್ಳಾದ ದನಿಯೂ ಚೆನ್ನಾಗಿ ಕೂರುತ್ತದೆ. ನಿಮ್ಮ ಆಂಪಿನ ಮಿಡ್ ನಾಬ್ ಯಾವ ಕಡೆ ಕೆಲಸ ಮಾಡುತ್ತದೆ ಅನ್ನೋದೂ ಕಂಪನಿಯಿಂದ ಕಂಪನಿಗೆ ಬೇರೆ. ನೋಡದೆ, ಕೇಳದೆ ನಂಬರ್ ಹೇಳಲು ನನಗೆ ಧೈರ್ಯವಿಲ್ಲ.

ಜಾಜ್ ಬೇಸ್ ಥರದ್ದು ಇರುವವರಿಗೆ ಒಂದು ಗುಟ್ಟು. ಎರಡೂ ಪಿಕಪ್ ಪೂರ್ತಿ ತೆರೆದಾಗ ಅವು ಒಂದರ ಮಿಡ್ ಒಂದು ಅಷ್ಟಿಷ್ಟು ಕಳೆದುಹಾಕುತ್ತವೆ. ಯಾವುದಾದರೂ ಒಂದರ ವಾಲ್ಯೂಮ್ ಚೂರು ಇಳಿಸಿ ನೋಡಿ, ದನಿ ಮುಂದಕ್ಕೆ ಬರುತ್ತದೆ. ಹಾಗೆ ಮಾಡಿದಾಗ ಸ್ವಲ್ಪ ಹಮ್ (ಕರೆಂಟಿನ ಗುಂಯ್ ಸದ್ದು) ಬರಬಹುದು. ದುಡ್ಡು ಖರ್ಚಿಲ್ಲದ ಇನ್ನೊಂದು ಉಪಾಯ, ಮೀಟುವ ಕೈಯನ್ನು ಬ್ರಿಡ್ಜ್ ಕಡೆಗೆ ಎರಡು ಬೆರಳು ಸರಿಸುವುದು. ನೆಕ್ ಹತ್ತಿರ ಮೀಟಿದರೆ ದುಂಡು ದನಿ, ಬ್ರಿಡ್ಜ್ ಹತ್ತಿರ ಬಿಗಿ ದನಿ. ದನಿ ಬದಲಿಸುವ ಯಾವ ಪೆಡಲ್‌ಗಿಂತಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪೆಡಲ್ ಆದರೆ ಕೊಳ್ಳಬಹುದು, ಬೋರ್ಡಿನಲ್ಲಿ ಜೋಡಿಸಿ ಫೋಟೊ ತೆಗೆಯಬಹುದು. ಅದಕ್ಕೇ ಕೈ ಸರಿಸಿ ಅಂದರೆ ಯಾರಿಗೂ ಹಿಡಿಸುವುದಿಲ್ಲ.

ಆಂಪ್ ಎಲ್ಲಿಟ್ಟಿದ್ದೀರಿ ಅನ್ನೋದನ್ನೂ ನೋಡಿ. ಕ್ಯಾಬಿನೆಟ್ ನೆಲದ ಮೇಲೆ, ನೀವು ಅದಕ್ಕೆ ಅಂಟಿಕೊಂಡು ನಿಂತಿದ್ದೀರಿ. ಮೇಲಿನ ಸ್ವರಗಳೆಲ್ಲ ನೇರವಾಗಿ ಮೊಣಕಾಲಿಗೆ ಹೋಗುತ್ತಿವೆ. ಮೊಣಕಾಲಿಗೆ ಕಿವಿ ಇಲ್ಲ. ಗಟ್ಟಿಯಾದ ಪೆಟ್ಟಿಗೆಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ, ಬೀಳದ ಹಾಗೆ. ಮೂಲೆಗೆ ಒತ್ತಿ ಇಟ್ಟರೆ ಎರಡು ಗೋಡೆ, ನೆಲ ಸೇರಿ ಬರೀ ಕೆಳಗಿನ ಗುಂಯ್ ಅನ್ನು ಉಬ್ಬಿಸುತ್ತವೆ. 41 ಹರ್ಟ್ಜ್ ಅಲೆ ಎಂಟು ಮೀಟರಿಗಿಂತ ಉದ್ದ, ಹಾಗಾಗಿ ಅಷ್ಟು ದೂರ ಹೋದ ಮೇಲೇ ಬೇಸ್ 'ಹುಟ್ಟುತ್ತದೆ' ಅಂತ ಒಂದು ಮಾತು ಓಡಾಡುತ್ತಿದೆ. ಅಲೆಯ ಉದ್ದ ಸರಿ, ಉಳಿದದ್ದು ಸುಳ್ಳು. ಹಾಗಿದ್ದರೆ ಹೆಡ್‌ಫೋನ್‌ನಲ್ಲಿ ಬೇಸ್ ಕೇಳಿಸಲೇಬಾರದಿತ್ತು. ಗೋಡೆಗಳಿಗೆ ಬಡಿದು ಮರಳಿ ಬರುವ ಅಲೆಗಳು ಕೆಲವು ಕಡೆ ಒಂದಕ್ಕೊಂದು ಸೇರುತ್ತವೆ, ಕೆಲವು ಕಡೆ ಕಳೆಯುತ್ತವೆ. ಎರಡು ಹೆಜ್ಜೆ ಸರಿದರೆ ಬೇಸ್ ಬದಲಾಗುವುದು ಅದಕ್ಕೆ.

ಎಲ್ಲ ಮಾಡಿದರೂ ಕೇಳಿಸದಿದ್ದರೆ ತಪ್ಪು ನಿಮ್ಮದಲ್ಲದೆಯೂ ಇರಬಹುದು. ನನ್ನ ಮೊದಲ ಅನುಮಾನ ಯಾವಾಗಲೂ ಕೀಬೋರ್ಡ್‌ನವರ ಎಡಗೈ ಮೇಲೆ. ಪಾಪ, ಒಬ್ಬರೇ ಅಭ್ಯಾಸ ಮಾಡಿ ಮಾಡಿ ಬೇಸ್ ಸ್ವರಗಳನ್ನೂ ತಾವೇ ನುಡಿಸುವ ರೂಢಿ. ಬ್ಯಾಂಡಿನಲ್ಲಿ ಆ ಎಡಗೈ ಜೇಬಿನಲ್ಲಿದ್ದರೆ ಅರ್ಧ ಕೆಸರು ಅಲ್ಲೇ ತಿಳಿಯಾಗುತ್ತದೆ. ಗಿಟಾರ್‌ನವರು ತಮ್ಮ ಆಂಪಿನ ಬೇಸ್ ಸ್ವಲ್ಪ ಇಳಿಸಲಿ. ಸಿಟ್ಟಾಗದ ಹಾಗೆ ಕೇಳಿ, ಅವರೂ ಮನೆಯಲ್ಲಿ ಒಬ್ಬರೇ ಕೂತು ಆ ಟೋನ್ ಮಾಡಿಕೊಂಡವರೇ. ಇನ್ನೊಂದು, ಇಡೀ ಬ್ಯಾಂಡ್ ವಿಪರೀತ ಜೋರಾಗಿದ್ದರೆ ಯಾವ ಈಕ್ಯೂ (ಈ ನಾಬ್‌ಗಳ ಹೊಂದಾಣಿಕೆ) ಉಳಿಸಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ ಅಂತ ಒಂದು ಲೆಕ್ಕವಿದೆ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧ. 100 ಡೆಸಿಬೆಲ್ ಅಂದರೆ 15 ನಿಮಿಷ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಇಟ್ಟುಕೊಳ್ಳಿ. ರಿಹರ್ಸಲ್ ಮುಗಿದ ಮೇಲೂ ಕಿವಿಯಲ್ಲಿ ಗುಂಯ್ ಉಳಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ, ನನಗಲ್ಲ.

ಆದರೂ ದೊಡ್ಡ ಕ್ಯಾಬಿನೆಟ್ ಸೇರಿಸಿಯೇ ತೀರುತ್ತೇನೆ ಅನ್ನುವವರು ಆಂಪಿನ ಹಿಂದೆ ಬರೆದಿರುವ ಕನಿಷ್ಠ ಓಮ್ಸ್ (ವಿದ್ಯುತ್ ತಡೆಯ ಅಳತೆ) ಓದಿ. ಎರಡು 8 ಓಮ್ ಕ್ಯಾಬಿನೆಟ್ ಪ್ಯಾರಲಲ್ ಹಾಕಿದರೆ 4 ಓಮ್, ಎರಡು 4 ಓಮ್ ಹಾಕಿದರೆ 2. ಅಲ್ಲಿ ಬರೆದಿರುವುದಕ್ಕಿಂತ ಕೆಳಗೆ ಹೋಗಬೇಡಿ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ಓಡುವ ಸರ್ಕ್ಯೂಟ್ ಇರುವುದು) ಇದ್ದವರು ನುಡಿಸದಿದ್ದಾಗ ಕೇಬಲ್ ಕಿತ್ತಿಡಿ. ಸಿಕ್ಕಿಸಿದ್ದಷ್ಟು ಹೊತ್ತೂ ಒಳಗಿನ 9 ವೋಲ್ಟ್ ಬ್ಯಾಟರಿ ಇಳಿಯುತ್ತಿರುತ್ತದೆ. 'ಪಿಕಪ್ ಹೋಗಿದೆ' ಅಂತ ಬರುವ ಎಷ್ಟೋ ಗಿಟಾರ್‌ಗಳಲ್ಲಿ ಹೋಗಿರುವುದು ಬ್ಯಾಟರಿ.

ಇನ್ನು ನನ್ನ ಸ್ವಾರ್ಥದ ಒಂದು ಕೋರಿಕೆ. ಈಗಿನ ಬಹಳಷ್ಟು ಆಂಪ್‌ಗಳ ಹಿಂದೆ ಮಿಕ್ಸರಿಗೆ ನೇರವಾಗಿ ಸಿಗ್ನಲ್ ಕಳಿಸುವ ಡಿಐ ಔಟ್ ಹತ್ತಿರ 'ಪ್ರಿ' ಮತ್ತು 'ಪೋಸ್ಟ್' ಅಂತ ಪುಟ್ಟ ಸ್ವಿಚ್ ಇರುತ್ತದೆ. ಪ್ರಿ ಕಡೆಗೆ ಇಟ್ಟರೆ ನಿಮ್ಮ ನಾಬ್‌ಗಳು ಮುಟ್ಟದ ದನಿ ನನ್ನ ಮಿಕ್ಸರಿಗೆ ಬರುತ್ತದೆ. ಆಮೇಲೆ ಸ್ಟೇಜಿನ ಮೇಲೆ ನಿಮಗೆ ಬೇಕಾದ ಗುಡುಗು ಇಟ್ಟುಕೊಳ್ಳಿ. ಸೌಂಡ್ ಚೆಕ್ ಮೊದಲೇ ಆ ಸ್ವಿಚ್ ನೋಡಿಕೊಂಡರೆ ಒಳ್ಳೆಯದು. ಮರೆತರೂ ಚಿಂತೆ ಇಲ್ಲ, ಕೇಬಲ್ ಹಾಕುವ ನೆಪದಲ್ಲಿ ಆಂಪ್ ಹಿಂದೆ ಬಗ್ಗುವುದು ನಾನೇ.