ಒಳಚರಂಡಿಗೆ ಕಡಲ ನೀರು ನುಗ್ಗಿದರೆ ಏನಾಗುತ್ತದೆ? ಕಾರವಾರವನ್ನು ಕಣ್ಣ ಮುಂದೆ ಇಟ್ಟುಕೊಂಡು ಓದೋಣ

ಕಾರವಾರದಂಥ ಊರಲ್ಲಿ ಕೊಳಚೆಗಿಂತ ಅದರ ಜೊತೆ ಸೇರಿಕೊಳ್ಳುವ ನೀರೇ ದೊಡ್ಡ ತಲೆನೋವು. ಇದೊಂದು ಅರ್ಥವಾದರೆ ಉಳಿದದ್ದು ಸುಲಭ.

ಮೊದಲು ಲೆಕ್ಕ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ 80% ಕೊಳಚೆಯಾಗಿ ವಾಪಸ್ ಬರುತ್ತದೆ ಅಂತ ಹಿಡಿಯುತ್ತಾರೆ. 10,000 ಜನರಿಗೆ 10.8 ಲಕ್ಷ ಲೀಟರ್. ಆದರೆ ಜುಲೈನಲ್ಲಿ ಕೋಡಿಬಾಗದ ಕಡೆ ಒಂದು ಬಾವಿಗೆ ಬಗ್ಗಿ ನೋಡಿ, ನೀರು ಕೊಡಪಾನಕ್ಕೆ ಹಗ್ಗವೇ ಬೇಡ ಅನ್ನುವಷ್ಟು ಮೇಲೆ ಬಂದಿರುತ್ತದೆ, ಅದೇ ಮಣ್ಣಿನೊಳಗೆ ಪೈಪೂ ಹೋಗಿರುತ್ತದೆ ಅಲ್ವಾ? ಸಣ್ಣ ಬಿರುಕು ಸಾಕು. ಪೈಪಿನಿಂದ ಹೊರಗೆ ಸೋರುವುದಲ್ಲ, ಹೊರಗಿನ ನೀರೇ ಒಳಗೆ ಸೋರುತ್ತದೆ.

ಆಗ ಕೊಳಚೆ ಶುದ್ಧೀಕರಿಸುವ ಘಟಕಕ್ಕೆ ಬರುವ ನೀರಿನ ಬಿಓಡಿ, ಅಂದರೆ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕ, ಕಡಿಮೆ ತೋರಿಸುತ್ತದೆ. ಒಳ್ಳೆಯದಾಯ್ತು ಅಂದ್ಕೊಳ್ಳಬೇಡಿ. ಹರಿವು ಎರಡು ಪಟ್ಟಾದರೆ ನೀರು ತೊಟ್ಟಿಯಲ್ಲಿ ನಿಲ್ಲುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಕಂದು ಕೆಸರು ತಳಕ್ಕೆ ಕೂರುವ ಮೊದಲೇ ನೀರಿನ ಜೊತೆ ಕೊಚ್ಚಿಹೋಗುತ್ತದೆ.

ಉಪ್ಪುನೀರಿನ ಕಥೆ ಬೇರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದರೊಳಗೆ 2.7 ಗ್ರಾಂನಷ್ಟು ಸಲ್ಫೇಟ್. ಗಾಳಿ ಇಲ್ಲದ ಪೈಪಿನಲ್ಲಿ ಕೆಲವು ಬ್ಯಾಕ್ಟೀರಿಯಾ ಈ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆ ವಾಸನೆ ಅದೇ. ಅದು ಪೈಪಿನ ಒದ್ದೆ ನೆತ್ತಿಗೆ ಅಂಟಿ, ಬೇರೆ ಬ್ಯಾಕ್ಟೀರಿಯಾಗಳ ಕೈಯಲ್ಲಿ ಗಂಧಕಾಮ್ಲವಾಗಿ ಸಿಮೆಂಟನ್ನು ತಿನ್ನುತ್ತದೆ. ಅಂಥ ಕಾಂಕ್ರೀಟನ್ನು ಮೊಳೆಯಿಂದ ಕೆರೆದರೆ ಒದ್ದೆ ಸುಣ್ಣದ ಹಾಗೆ ಮೆತ್ತಗೆ ಕಿತ್ತು ಬರುತ್ತದೆ. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಈ ಅನಿಲ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯ್ತು ಅಂತ ಯಾರನ್ನೂ ಮ್ಯಾನ್‌ಹೋಲ್‌ಗೆ ಇಳಿಸಬಾರದು.

ಯಾವ ನೀರು ನುಗ್ಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಒಂದೇ ಮ್ಯಾನ್‌ಹೋಲಿನ ನೀರನ್ನು ಉಬ್ಬರದ ಹೊತ್ತು ಒಮ್ಮೆ, ಇಳಿತದ ಹೊತ್ತು ಒಮ್ಮೆ ತೆಗೆದು ಕ್ಲೋರೈಡ್, ಅಂದರೆ ಉಪ್ಪಿನ ಒಂದು ಅಂಶ, ಅಳೆಯಿರಿ. ಕಡಲ ನೀರಿನಲ್ಲಿ ಅದು ಲೀಟರಿಗೆ ಸುಮಾರು 19,000 ಮಿ.ಗ್ರಾಂ. ಹತ್ತರಲ್ಲಿ ಒಂದು ಪಾಲು ಸೇರಿದರೂ 1,900 ಏರುತ್ತದೆ. ಉಬ್ಬರಕ್ಕೆ ಏರಿ ಇಳಿತಕ್ಕೆ ಇಳಿದರೆ ಕಡಲು, ಮಳೆ ಬಂದಾಗ ಇಳಿದರೆ ಮಳೆನೀರು. ಸಿಓಡಿ, ಅಂದರೆ ಕೊಳೆಯನ್ನು ಸೂಕ್ಷ್ಮಜೀವಿಗಳ ಬದಲು ಡೈಕ್ರೋಮೇಟ್ ಎಂಬ ರಾಸಾಯನಿಕದಿಂದ ಅಳೆಯುವ ಪರೀಕ್ಷೆ, ಮಾಡುವವರು ಇಲ್ಲೇ ಎಡವುತ್ತಾರೆ. ಕ್ಲೋರೈಡ್ ಕೂಡ ಡೈಕ್ರೋಮೇಟನ್ನು ಬಳಸಿಕೊಂಡು ಅಂಕಿಯನ್ನು ಸುಮ್ನೆ ಏರಿಸುತ್ತದೆ, ಅದಕ್ಕೇ ಕ್ಲೋರೈಡನ್ನು ಕಟ್ಟಿಹಾಕಲು ಮರ್ಕ್ಯುರಿಕ್ ಸಲ್ಫೇಟ್ ಹಾಕುವುದು.

ಹೊರಬಿಡುವ ನೀರಿಗೆ ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆಯಲ್ಲಿ ಮಹಾನಗರಗಳಲ್ಲದ ಊರುಗಳಿಗೆ ಬಿಓಡಿ ಲೀಟರಿಗೆ 30 ಮಿ.ಗ್ರಾಂ., ಮಲದ ಕೋಲಿಫಾರ್ಮ್ (ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ) 100 ಮಿ.ಲೀ.ಗೆ 1,000ಕ್ಕಿಂತ ಕಡಿಮೆ ಅಂತಿದೆ. ನಾನು ಎರಡನೆಯದನ್ನೇ ಮೊದಲು ನೋಡುತ್ತೇನೆ. ಬಿಓಡಿ ಸ್ವಲ್ಪ ಜಾಸ್ತಿಯಾದರೂ ಅಳಿವೆಯ ನೀರಿನಲ್ಲಿ ತೆಳುವಾಗಬಹುದು. ಆದರೆ ಇಳಿತದಲ್ಲಿ ಹೆಂಗಸರು ಮೊಣಕಾಲುದ್ದ ನೀರಲ್ಲಿ ನಿಂತು ಆರಿಸುವ ಬೆಳಚು, ಅಂದರೆ ತಿನ್ನುವ ಚಿಪ್ಪುಮೀನು, ನೀರನ್ನು ಸೋಸಿಯೇ ಬದುಕುವ ಜೀವಿ. ನೀರಿನಲ್ಲಿ ಚದುರಿದ್ದ ರೋಗಾಣು ಅದರ ಚಿಪ್ಪಿನೊಳಗೆ ಒಟ್ಟಾಗಿ, ಅಲ್ಲಿಂದ ನಮ್ಮ ಬುಟ್ಟಿಗೆ ಬರುತ್ತದೆ.